ಡಬಲ್ ಐಪಿಎ: ಮೂಗು ಮೊದಲು, ಅಂಕ ಆಮೇಲೆ

ನಾನು ಶಿರಸಿಯಲ್ಲಿ ಇಪ್ಪತ್ತೆರಡು ವರ್ಷ ಅಡಿಕೆ ಆರಿಸುವ ಕೆಲಸ ನೋಡಿಕೊಂಡವನು. ಈಗ ಕಾರವಾರದಲ್ಲಿ ಮಗಳ ಮನೆಯಲ್ಲಿದ್ದೇನೆ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು ಎಂದು ಬೇರೆ ಮಾಡುವಾಗ ಮೊದಲು ಕಲಿತ ಪಾಠ ಒಂದಿದೆ. ಚಾಲಿಯನ್ನು ರಾಶಿಯ ಪಕ್ಕ ಇಟ್ಟು ಕೆಟ್ಟದು ಎನ್ನಬಾರದು. ಚಾಲಿಯಾಗಿ ಅದು ಹೇಗಿದೆ ಅಂತ ನೋಡಬೇಕು. ಬಿಯರ್‌ಗೂ ಹಾಗೇ. ದಿನಾ ಕುಡಿಯುವ ಸಾಮಾನ್ಯ ಲಾಗರ್ ಬಿಯರ್ ನೆನಪಿಟ್ಟುಕೊಂಡು ಡಬಲ್ ಐಪಿಎ (ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರ್‌ನ ಇನ್ನೂ ಜೋರಾದ ಬಗೆ) ಕುಡಿದರೆ, 'ಅಯ್ಯೋ ಕಹಿ' ಎಂದು ಗ್ಲಾಸ್ ಕೆಳಗಿಡುತ್ತೀರಿ. ಈ ಜಾತಿಗೆ ಕಹಿ ಇರಲೇಬೇಕು. ಆ ಕಹಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಮಾತ್ರ ಪ್ರಶ್ನೆ.

ಅಳಿಯ ಬೆಂಗಳೂರಿನಿಂದ ಬರುವಾಗ ಇಂಥ ಮೂರು ನಾಲ್ಕು ಕ್ಯಾನ್ ತರುತ್ತಾನೆ. ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಕೈ ಬಿಚ್ಚಿ ಹಾಕಿದ ಏಲ್ ಜಾತಿಯ ಬಿಯರ್ ಇದು. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 7.5ರಿಂದ 10. ಹಾಪ್ಸನ್ನು ಮೊದಲೇ ಹಾಕಿ ಜಾಸ್ತಿ ಹೊತ್ತು ಕುದಿಸಿದರೆ ಕಹಿ ಬಿಡುತ್ತದೆ, ಪರಿಮಳ ಹಾರಿ ಹೋಗುತ್ತದೆ. ಕೊನೆಯಲ್ಲಿ ಹಾಕಿದರೆ, ಅಥವಾ ಬಿಯರ್ ಹುದುಗಿದ ಮೇಲೆ ತಣ್ಣಗೆ ನೆನೆಹಾಕಿದರೆ, ಪರಿಮಳ ಉಳಿಯುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವಾಗ ಹಾಕುತ್ತೇವಲ್ಲ, ಅದೇ ಲೆಕ್ಕ.

ಆ ಪರಿಮಳ ಬಹಳ ಬೇಗ ಕೆಡುತ್ತದೆ. ಹಾಗಾಗಿ ರುಚಿ ನೋಡುವ ಕೆಲಸ ಕ್ಯಾನಿನ ಮೇಲಿನ ತಾರೀಖು ಓದುವುದರಿಂದ ಶುರುವಾಗಬೇಕು. ತುಂಬಿಸಿ ಎರಡು ಮೂರು ತಿಂಗಳೊಳಗಿನದ್ದು, ಫ್ರಿಜ್‌ನಲ್ಲೇ ಇದ್ದದ್ದು ಆದರೆ ಒಳ್ಳೆಯದು. ಒಂದು ಮೇ ತಿಂಗಳಲ್ಲಿ ನಾಲ್ಕು ಕ್ಯಾನ್ ಬಂದಿತ್ತು. ಎರಡು ಫ್ರಿಜ್‌ಗೆ ಹೋದವು, ಇನ್ನೆರಡು ಕಾರಿನ ಡಿಕ್ಕಿಯಲ್ಲೇ ನಾಲ್ಕು ದಿನ ಬಿಸಿಲಿಗೆ ಬೆಂದವು. ಆಮೇಲೆ ಎರಡನ್ನೂ ಅಕ್ಕಪಕ್ಕ ಸುರಿದು ನೋಡಿದೆವು. ಫ್ರಿಜ್‌ನದ್ದು ಮಾವಿನ ಹಣ್ಣಿನ ಹಾಗೆ ಘಮ್ ಎನ್ನುತ್ತಿತ್ತು. ಡಿಕ್ಕಿಯದ್ದಕ್ಕೆ ಜೋನಿ ಬೆಲ್ಲದ ವಾಸನೆ, ಹಿಂದೆಯೇ ಒದ್ದೆ ರಟ್ಟಿನ ವಾಸನೆ. ಒಂದೇ ಬಿಯರ್, ಒಂದೇ ತಾರೀಖು. ಅಂಥದ್ದಕ್ಕೆ ಅಂಕ ಕೊಟ್ಟರೆ ಮಾಡಿದವರಿಗೆ ಅನ್ಯಾಯ.

ಸಮುದ್ರದ ದಂಡೆಗೆ ಒಯ್ಯಬೇಡಿ. ಗಾಳಿಗೆ ಪರಿಮಳ ನಿಲ್ಲುವುದಿಲ್ಲ. ಒಳಗೆ ಕೂತು ಫ್ಯಾನ್ ಆರಿಸಿ. ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದರೆ, ದೇವರ ಮುಂದೆ ಊದಿನಕಡ್ಡಿ ಉರಿಯುತ್ತಿದ್ದರೆ ಇನ್ನೊಂದು ಹೊತ್ತಿಗೆ ಇಟ್ಟುಕೊಳ್ಳಿ. ಕವಳ ಹಾಕಿದ ಬಾಯಿಯಂತೂ ಬೇಡವೇ ಬೇಡ. ಸುಣ್ಣ, ಅಡಿಕೆ ಎರಡೂ ನಾಲಿಗೆಯನ್ನು ಬಿಗಿದು ಬಿಡುತ್ತವೆ. ಜುಮ್ಮನಕಾಯಿ ಹಾಕಿದ ಬಂಗಡೆ ಸಾರು ಉಂಡು ಬಂದರೂ ಕಷ್ಟ, ನಾಲಿಗೆ ಜುಮ್ಮೆನ್ನುತ್ತಿರುತ್ತದೆ. ನಾನು ಮೊದಲು ಒಂದು ಮುಷ್ಟಿ ಖಾರವಿಲ್ಲದ ಮಂಡಕ್ಕಿ ತಿಂದು ನೀರು ಕುಡಿಯುತ್ತೇನೆ. ಅಷ್ಟು ಸಾಕು.

ಗ್ಲಾಸ್ ಬಾಯಿ ಕಡೆ ಸ್ವಲ್ಪ ಒಳಕ್ಕೆ ಬಾಗಿರಲಿ. ವೈನ್ ಗ್ಲಾಸ್ ಆದರೂ ಸರಿ. ಎಣ್ಣೆ ಪಾತ್ರೆ ತಿಕ್ಕಿದ ನಾರಿನಲ್ಲಿ ಅದನ್ನು ತೊಳೆಯಬೇಡಿ, ಜಿಡ್ಡು ತಾಗಿದರೆ ನೊರೆ ನಿಲ್ಲುವುದಿಲ್ಲ. ಫ್ರೀಜರ್‌ನಲ್ಲೂ ಇಡಬೇಡಿ. ಕ್ಯಾನನ್ನು ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಡಿ, ನಮ್ಮ ಸೆಕೆಗೆ ಅಷ್ಟು ಹೊತ್ತು ಬೇಕಾದಷ್ಟಾಯಿತು. 8ರಿಂದ 12 ಡಿಗ್ರಿ ಒಳಗೆ ಇದರ ಮೈ ಬಿಚ್ಚಿಕೊಳ್ಳುತ್ತದೆ. ಗ್ಲಾಸನ್ನು ಓರೆ ಮಾಡಿ ಸುರಿಯಿರಿ. ಕೊನೆಗೆ ನೆಟ್ಟಗೆ ಮಾಡಿ ಎರಡು ಬೆರಳು ನೊರೆ ಏಳಿಸಿ. ಅರ್ಧ ಗ್ಲಾಸಿಗಿಂತ ಜಾಸ್ತಿ ಬೇಡ, ವಾಸನೆ ಕೂರಲು ಜಾಗ ಬೇಕು.

ಈಗ ಮೂಗು. ನೊರೆ ಇಳಿಯುವ ಮೊದಲೇ ಎರಡು ಸಲ ಚಿಕ್ಕದಾಗಿ ಮೂಸಿ. ಇಲ್ಲಿ ನಮ್ಮವರು ಮಾಡುವ ತಪ್ಪು ಒಂದಿದೆ. ಕ್ಯಾನಿನ ಮೇಲೆ ಗ್ರೇಪ್‌ಫ್ರೂಟ್, ಪೈನ್ ಎಂದು ಬರೆದಿರುತ್ತದೆ. ಅದನ್ನು ಓದಿ ಅದನ್ನೇ ಹುಡುಕುತ್ತಾರೆ. ಗ್ರೇಪ್‌ಫ್ರೂಟ್ ತಿನ್ನದವನಿಗೆ ಅದು ಎಲ್ಲಿ ಸಿಗಬೇಕು? ನಿಮ್ಮ ಮೂಗಿಗೆ ಗೊತ್ತಿರುವ ಹೆಸರು ಹೇಳಿ. ನನಗೆ ಅದು ಚಕ್ಕೋತದ ಸಿಪ್ಪೆ. ಪೈನ್ ಎನ್ನುವ ಕಡೆ ನನಗೆ ಸಿಗುವುದು ಹಾಲುಮಡ್ಡಿ ಧೂಪ. ಇನ್ನು ಕೆಲವು ಕ್ಯಾನಿನಲ್ಲಿ ಸಿಗುವುದನ್ನು ಯಾವ ಪಟ್ಟಿಯಲ್ಲೂ ನೋಡಿಲ್ಲ. ಅಪ್ಪೆಮಿಡಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ವಾಸನೆ ಅದು! ಮೊದಲ ಸಲ ಸಿಕ್ಕಾಗ ನನಗೆ ಅಮ್ಮನ ಉಪ್ಪಿನಕಾಯಿ ಭರಣಿಯೇ ಕಣ್ಣ ಮುಂದೆ ಬಂತು.

ಇದು ಬರೀ ಕಲ್ಪನೆಯಲ್ಲ. ಹಾಪ್ಸ್‌ನಲ್ಲಿರುವ ಮಿರ್ಸೀನ್ ಎಂಬ ಎಣ್ಣೆಯ ಅಂಶ ಮಾವಿನಲ್ಲೂ ಇದೆ. ಕ್ಯಾರಿಯೋಫಿಲೀನ್ ಕಾಳುಮೆಣಸಿನಲ್ಲೂ ಇದೆ. ಲಿನಲೂಲ್ ಕೊತ್ತಂಬರಿ ಬೀಜದಲ್ಲಿದೆ. ಮೆಣಸಿನ ಬಳ್ಳಿ, ಮಾವಿನ ಮರದ ನಡುವೆ ಬೆಳೆದ ನಮ್ಮ ಕಡೆಯವರ ಮೂಗು ಈ ಕೆಲಸಕ್ಕೆ ಆಗಲೇ ತಯಾರಾಗಿದೆ.

ಆಮೇಲೆ ಗುಟುಕು. ಮೊದಲ ಗುಟುಕಿಗೆ ಅಂಕ ಕೊಡಬೇಡಿ, ಅದು ಬಾಯಿ ತೊಳೆಯುವುದಕ್ಕೆ. ಎರಡನೆಯದನ್ನು ನಾಲಿಗೆ ತುಂಬ ಆಡಿಸಿ ನುಂಗಿ. ಮೊದಲು ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ ಬರಬೇಕು, ಹುರಿದ ರವೆಯಷ್ಟು, ತೆಳ್ಳಗಿನ ಜೇನಿನಷ್ಟು. ಅದರ ಬೆನ್ನಿಗೆ ಕಹಿ. ನುಂಗಿದ ಮೇಲೆ ಮನಸ್ಸಿನಲ್ಲೇ ಇಪ್ಪತ್ತರ ತನಕ ಎಣಿಸಿ. ಒಳ್ಳೆಯ ಕಹಿ ಜೋರಾಗಿ ಬಂದು, ಮೆಲ್ಲಗೆ ಇಳಿದು, ಹಣ್ಣಿನ ಪರಿಮಳ ಬಿಟ್ಟು ಹೋಗುತ್ತದೆ. ಕೆಟ್ಟ ಕಹಿ ಮಾತ್ರೆ ಕರಗಿದ ಹಾಗೆ ನಾಲಿಗೆಯ ಬುಡದಲ್ಲೇ ಕೂತು ಬಿಡುತ್ತದೆ.

ಕಹಿ ಬೇರೆ, ಒಗರು ಬೇರೆ. ಇದನ್ನು ಅಡಿಕೆಯವನಿಗೆ ಹೇಳಿಕೊಡಬೇಕಾಗಿಲ್ಲ. ಎಳೆ ಅಡಿಕೆ ಅಗಿದಾಗ ಕೆನ್ನೆಯ ಒಳಗೆಲ್ಲ ಬಿಗಿದು ಒಣಗುತ್ತದಲ್ಲ, ಅದು ಒಗರು. ಹಾಪ್ಸ್ ಅತಿಯಾದರೆ ಬಿಯರ್‌ನಲ್ಲೂ ಅದೇ ಆಗುತ್ತದೆ. ಅಲ್ಲಿ ನಾನು ಅಂಕ ಕಡಿಯುತ್ತೇನೆ. ಆಲ್ಕೋಹಾಲ್ ಗಂಟಲಲ್ಲಿ ಬೆಚ್ಚಗಿರಬೇಕು, ಸುಡಬಾರದು. ಬಣ್ಣದ ಥಿನ್ನರ್ ವಾಸನೆ ಬಂದರೆ, ಬೆಣ್ಣೆಯ ವಾಸನೆ ಬಂದರೆ ಅದು ಮಾಡುವಾಗಿನ ದೋಷ.

ಅಂಕಕ್ಕೆ ನಾನು ಅಮೆರಿಕದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂನವರ ಕ್ರಮವನ್ನೇ ಇಟ್ಟುಕೊಂಡಿದ್ದೇನೆ. ಒಟ್ಟು 50. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗಿದೆ ಎಂಬುದಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ 3 ಎಂಬುದು ನನಗೆ ಸರಿ ಕಾಣುತ್ತದೆ. ಹೊರಗೆ ಹೊಳೆಯುವ ಎಷ್ಟೋ ಅಡಿಕೆ ಕತ್ತರಿಸಿದರೆ ಒಳಗೆ ಕೆಟ್ಟಿರುತ್ತದೆ, ಅಲ್ವಾ?

ಹೋದ ತಿಂಗಳ ಕ್ಯಾನಿಗೆ ಪರಿಮಳ 10, ನೋಟ 3, ರುಚಿ 13, ಬಾಯಿಗೆ 3, ಒಟ್ಟಾರೆ 7 ಕೊಟ್ಟೆ. 36 ಆಯಿತು. ಅವರ ಲೆಕ್ಕದಲ್ಲಿ 30ರಿಂದ 37 'ವೆರಿ ಗುಡ್'. ಅಳಿಯ 41 ಕೊಟ್ಟಿದ್ದ. ಅವನು ತಣ್ಣಗಿದ್ದಾಗಲೇ ಬರೆದು ಮುಗಿಸಿದ್ದ. 'ಇನ್ನು ಹದಿನೈದು ನಿಮಿಷ ತಡಿ ಮಾರಾಯಾ' ಎಂದೆ. ಬಿಯರ್ ಬೆಚ್ಚಗಾದಾಗ ನನಗೆ ಸಿಕ್ಕಿದ್ದ ಒಗರು ಅವನಿಗೂ ಸಿಕ್ಕಿತು, 37ಕ್ಕೆ ಇಳಿಸಿದ. ಹಾಗಾಗಿ ಪೆನ್ಸಿಲ್‌ನಲ್ಲಿ ಬರೆಯಿರಿ. ತಣ್ಣಗಿದ್ದಾಗ ಒಮ್ಮೆ, ಬೆಚ್ಚಗಾದ ಮೇಲೆ ಒಮ್ಮೆ. ಪಕ್ಕದವರ ಅಂಕ ಕೇಳುವ ಮೊದಲೇ ಬರೆಯಿರಿ.

ಒಂದು ಕ್ಯಾನ್ ಇಬ್ಬರಿಗೆ ಸಾಕು. ಶೇ. 8ರ 330 ಎಂಎಲ್ ಎಂದರೆ ಶೇ. 5ರ ಬಿಯರ್ 528 ಎಂಎಲ್ ಕುಡಿದ ಹಾಗೆ. ಎರಡನೇ ಕ್ಯಾನಿಗೆ ನಾಲಿಗೆ ಮಂಕಾಗಿರುತ್ತದೆ, ಆಗ ಕೊಟ್ಟ ಅಂಕ ನಂಬಬಾರದು. ಕುಡಿದ ಮೇಲೆ ಬೈಕು, ಕಾರು ಮುಟ್ಟಬೇಡಿ. ಬರೆದು ಮುಗಿದ ಮೇಲೆ ಬಂಗಡೆ ರವಾ ಫ್ರೈ ತರಿಸಿಕೊಳ್ಳಿ, ಉಳಿದ ಗುಟುಕಿಗೆ ಅದು ಚೆನ್ನಾಗಿ ಹೊಂದುತ್ತದೆ.

ಗ್ಲಾಸನ್ನು ಮಾತ್ರ ಕೂಡಲೇ ತೊಳೆಯಬೇಡಿ. ಖಾಲಿ ಗ್ಲಾಸನ್ನು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮೂಸಿ. ಹೋದ ತಿಂಗಳ ಕ್ಯಾನಿನಲ್ಲಿ ಚಕ್ಕೋತ, ಮಾವು ಎಲ್ಲ ಹೋಗಿ ಹಾಲುಮಡ್ಡಿ ಒಂದೇ ಉಳಿದಿತ್ತು. ನಾನು ಒಟ್ಟಾರೆ ಅಂಕವನ್ನು 6ರಿಂದ 7ಕ್ಕೆ ಏರಿಸಿದ್ದು ಆಗಲೇ.