ವಾರದ ಸಂತಿಗೆ ಹೋಗೋದು ಹ್ಯಾಂಗ? ಚೀಲ ಹಿಡಿಯೋದ್ರಿಂದ ಜ್ವಾಳ ಆರಿಸೋ ತನಕ

ಆಳಂದ, ಸೇಡಂ, ಚಿಂಚೋಳಿ, ಅತ್ಲಾಗ ಶಹಾಪುರ, ಸುರಪುರ, ಇತ್ಲಾಗ ಹುಮನಾಬಾದ, ಚಿಟಗುಪ್ಪ, ನಮ್ಮ ಕಡೆ ಎಲ್ಲಿ ಹೋದ್ರೂ ವಾರಕ್ಕೊಂದ್ಸಲ ಸಂತಿ ಕೂಡ್ತದ, ಮುತ್ಯಾರ ಕಾಲದಿಂದ ನಡ್ಕೊಂಡ್ ಬಂದದ್ದು. ಈಗ ಕಲಬುರಗಿಯಾಗ ನೌಕರಿ ಮಾಡ್ಕೊಂಡು ಮೊಬೈಲ್ನಾಗ ತರಕಾರಿ ತರಿಸ್ಕೊಳ್ಳೋ ಹುಡುಗ್ರು, ಹೊಸದಾಗಿ ಮನಿ ಮಾಡಿದವರು, ಸಂತಿಗೆ ಹೋಗಬೇಕ್ರಿ ಆದ್ರ ಹ್ಯಾಂಗ್ ಏನ್ ಗೊತ್ತಿಲ್ಲ ಅಂತ ಕೇಳ್ತಾರ. ಅವರಿಗಾಗಿ ಇದು. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಅಗ್ಗ ಸಿಗ್ತದಂತ ಅಷ್ಟೇ ಹೋದ್ರ ಸಂತಿಯಾಗಿನ ಛಲೋ ಮಾಲು ನಿಮ್ಮ ಕಣ್ಣಿಗೇ ಬೀಳಲ್ಲ. ಬೆಳೆದವರ ಕೈಯಿಂದ ನೇರ ತಗೊಳ್ಳಿಕ್ಕ ಇನ್ನೂ ಉಳಿದಿರೋ ಜಾಗ ಇದು, ಆ ಮಂದೀನ ಹುಡುಕ್ಕೊಂಡ್ ಹೋಗ್ರಿ, ಉಳಿದದ್ದೆಲ್ಲ ಆಮ್ಯಾಲ.

ಮೊದಲು ವಾರ ಕೇಳ್ಕೊಳ್ರಿ

ಒಂದೊಂದು ಊರಿಗೆ ಒಂದೊಂದು ವಾರ. ಇದು ಸುಮ್ಮ ಆಗಿದ್ದಲ್ಲ, ಬಟ್ಟಿ, ಭಾಂಡಿ, ಮಸಾಲಿ ಮಾರೋರು ಇವತ್ತೊಂದು ಊರು ನಾಳೆ ಬಾಜೂದ ಊರು ಅಂತ ತಿರುಗಾಡ್ತಾರ, ಎಲ್ಲಾ ಊರಿಗೂ ಒಂದೇ ದಿನ ಸಂತಿ ಇಟ್ರ ಅವರಿಗೂ ಆಗಲ್ಲ ತಗೊಳ್ಳೋರಿಗೂ ಆಗಲ್ಲ. ಮೊಬೈಲ್ ಮ್ಯಾಪ್‌ನಾಗ ಸಂತಿ ಅಂತ ಹುಡುಕಿ ಹೋಗಬ್ಯಾಡ್ರಿ, ಬಸ್ ಸ್ಟ್ಯಾಂಡಿನಾಗ ಯಾವ ಕಂಡಕ್ಟರ್‌ಗೆ ಕೇಳಿದ್ರೂ ಹೇಳ್ತಾರ, ಯಾಕಂದ್ರ ಸಂತಿ ದಿನ ಅವರ ಬಸ್ಸಿನಾಗ ಕಾಲಿಡ್ಲಿಕ್ಕ ಜಾಗ ಇರಲ್ಲ. 2023ರ ಜೂನ್‌ದಾಗ ಹೆಣ್ಮಕ್ಕಳಿಗೆ ಸರಕಾರಿ ಬಸ್ ಫ್ರೀ ಮಾಡಿದ ಶಕ್ತಿ ಯೋಜನಾ ಬಂದಮ್ಯಾಲಂತೂ ಹಳ್ಳಿ ಹೆಣ್ಮಕ್ಕಳು ಎರಡು ಬುಟ್ಟಿ ಪಲ್ಯ ಇದ್ರೂ ತಗೊಂಡು ಬರ್ತಾರ, ಮೊದಲು ಅಷ್ಟು ಮಾಲಿಗೆ ಬಸ್ಸಿನ ಚಾರ್ಜು ಕೊಟ್ಟು ಬಂದ್ರ ಏನೂ ಉಳೀತಿರಲಿಲ್ಲ. ನೀವೂ ಹೆಣ್ಮಕ್ಕಳಿದ್ರ ಆಧಾರ್ ಕಾರ್ಡ್ ಇಟ್ಕೊಂಡು ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿಗೇ ಹೋಗ್ರಿ, ಕಾರು ಒಯ್ದ್ರ ನಿಲ್ಲಿಸ್ಲಿಕ್ಕ ಜಾಗ ಹುಡುಕೋದ್ರಾಗೇ ಅರ್ಧ ಸಂತಿ ಮುಗೀತದ.

ಟೈಮ್ ವಿಷಯ. ಸೊಪ್ಪು ಪಲ್ಯ ಬೇಕಂದ್ರ ಮುಂಜಾನೆ, ಬಿಸಲು ಏರೋದ್ರಾಗ. ಏಪ್ರಿಲ್ ಮೇ ಅಂದ್ರ ನಮ್ಮ ಕಡೆ 42, 43 ಡಿಗ್ರಿ ಸಾಮಾನ್ಯ, ಹತ್ತು ಗಂಟೆ ದಾಟಿದ್ರ ಮೆಂತೆ, ಕೋತಂಬ್ರಿ ಬಾಡಿ ನೆಲಕ್ಕ ಹತ್ತಿರ್ತಾವ. ಕಾಳು-ಕಡಿ, ಮಸಾಲಿ, ಬಟ್ಟಿ, ಹಗ್ಗ ಇಂಥವು ಯಾವಾಗ ಹೋದ್ರೂ ಸಿಗ್ತಾವ. ಸಂಜಿಮುಂದ ಭಾವ ಇಳೀತದ ಖರೆ, ವಾಪಸ್ ಹೊತ್ಕೊಂಡು ಹೋಗೋದ್ಯಾಕ ಅಂತ ಬಂದಷ್ಟಕ್ಕ ಕೊಡ್ತಾರ, ಆದ್ರ ಆಗ ಉಳಿದಿರೋದು ಉಳಿದಿದ್ದೇ.

ಏನೇನ್ ಒಯ್ಯಬೇಕು

ಎರಡು ಮೂರು ಬಟ್ಟಿ ಚೀಲ, ಒಂದು ಗಟ್ಟಿ ಚೀಲ ಕಾಳಿಗೆ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ 2016ರಿಂದ ನಮ್ಮ ರಾಜ್ಯದಾಗ ಬ್ಯಾನ್ ಅದ, ಸಂತಿಯಾಗ ಇನ್ನೂ ಕೊಡ್ತಾರ ಅನ್ನೋದು ಬ್ಯಾರೆ ಮಾತು, ನೀವು ಬ್ಯಾಡ ಅನ್ರಿ. ನೀರಿನ ಬಾಟ್ಲಿ, ತಲಿಗೆ ಟಾವೆಲ್ ಇಲ್ಲ ಸೆರಗು. ಮತ್ತ ಚಿಲ್ಲರ, ಇದು ಬಾಳ ಮುಖ್ಯ. ದೊಡ್ಡ ಅಂಗಡಿಯವರ ಹಂತ್ಯಾಕ ಫೋನ್‌ಪೇ ಸ್ಕ್ಯಾನರ್ ಇರ್ತದ, ಆದ್ರ ಪುಂಡಿ ಪಲ್ಯ ಮಾರೋ ಆಯಿ ಹಂತ್ಯಾಕ ಇರಲ್ಲ, ಇದ್ರೂ ಅದು ಮಗನ ನಂಬರ್ ಇರ್ತದ, ಆ ರೊಕ್ಕ ಆಕೀ ಕೈಗೆ ಯಾವಾಗ ಬರ್ತದೋ. ಹತ್ತು, ಇಪ್ಪತ್ತರ ನೋಟು ಒಂದು ಕಟ್ಟು ಇಟ್ಕೊಂಡು ಹೋಗ್ರಿ. ಮುಂಜಾನೆ ಬೋಣಿ ಟೈಮಿಗೆ 500ರ ನೋಟು ಹಿಡಿದ್ರ ಅವರಿಗೂ ತ್ರಾಸು, ನಿಮಗೂ ತ್ರಾಸು.

ಒಂದು ಸುತ್ತು ಖಾಲಿ ಕೈಲಿ ಹಾಕ್ರಿ

ಹೋದ ಕೂಡ್ಲೇ ಮೊದಲ ಅಂಗಡ್ಯಾಗೇ ಚೀಲ ತುಂಬಬ್ಯಾಡ್ರಿ. ನಡುವಿನ ಜಾಗ, ತಾಡಪತ್ರಿ ಕಟ್ಟಿ ದೊಡ್ಡ ದೊಡ್ಡ ರಾಶಿ ಹಾಕ್ಕೊಂಡು ಒದರ್ತಿರ್ತಾರಲ್ಲ, ಅವರು ಬಾಳಷ್ಟು ಮಂದಿ ವ್ಯಾಪಾರಸ್ಥರು, ರಾತ್ರೀನೇ ದೊಡ್ಡ ಮಾರ್ಕೆಟ್ಟಿನಾಗ ಲಿಲಾವದಾಗ ಹಿಡಿದು ತಂದಿರ್ತಾರ. ಅವರದೂ ದುಡಿಮೀನೇ, ಅವರ ಹಂತ್ಯಾಕ ತಗೋಬ್ಯಾಡ್ರಿ ಅಂತ ನಾ ಹೇಳಲ್ಲ, ಆಲೂಗಡ್ಡಿ, ಕೋಬಿ ಬೇಕಂದ್ರ ಅಲ್ಲೇ ಹೋಗಬೇಕು. ಆದ್ರ ಅಂಚಿಗೆ, ಬಾಜೂದ ಓಣ್ಯಾಗ, ಗುಡಿ ಕಟ್ಟಿ ಮಗ್ಗಲು, ಗೋಣಿಚೀಲ ಹಾಸ್ಕೊಂಡು ಕುಂತಿರ್ತಾರ ನೋಡ್ರಿ, ಅವರೇ ನಾ ಮೊದಲು ಹೇಳಿದ ಮಂದಿ. ಗುರ್ತು ಹಿಡಿಯೋದು ಸರಳ ಅದ: ಎರಡು ಇಲ್ಲ ಮೂರೇ ಥರದ ಮಾಲು ಇರ್ತದ, ಬದನಿಕಾಯಿ ಒಂದು ಸಣ್ಣದು ಒಂದು ದೊಡ್ಡದು ಇರ್ತದ, ಪಲ್ಯದ ಬೇರಿಗೆ ಕರಿ ಮಣ್ಣು ಹತ್ತಿರ್ತದ, ಮತ್ತ ಯಾವ ಹೊಲ, ಯಾವ ಊರು ಅಂತ ಕೇಳಿದ್ರ ತಡೀದೆ ಹೇಳ್ತಾರ. ತಾಂಡಾದಿಂದ ಬಂದ ಲಂಬಾಣಿ ಹೆಣ್ಮಕ್ಕಳು, ಸೇಡಂ ಗುರುಮಠಕಲ್ ಕಡೆ ತೆಲುಗು ಮಾತಾಡೋರು, ಆಳಂದ ಕಡೆ ಮರಾಠಿಯವರು, ಎಲ್ಲಾ ಕಡೆ ಉರ್ದು, ಆದ್ರ ಭಾವದ ಮಾತು ಬಂದ್ರ ಎಲ್ಲಾರಿಗೂ ಎಲ್ಲಾ ತಿಳೀತದ.

ಇವರು ಕುಂದ್ರಲಿಕ್ಕೂ ರೊಕ್ಕ ಕೊಡ್ತಾರ ಅನ್ನೋದು ತಗೊಳ್ಳೋ ಮಂದಿಗೆ ಗೊತ್ತಿರಲ್ಲ. ಪುರಸಭೆಯವರು ಸಂತಿ ಜಕಾತಿ ವಸೂಲಿ ಗುತ್ತಿಗೆಗೆ ಕೊಟ್ಟಿರ್ತಾರ, ನಮ್ಮ ಕಡೆ ಹಳೇ ಮಂದಿ ಇದಕ್ಕ ತೈಬಜಾರ್ ಅಂತಾರ, ಒಂದು ಬುಟ್ಟಿ ಪಲ್ಯ ಇದ್ರೂ ಚೀಟಿ ಹರೀತಾರ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಅದಲ್ಲ, ಅದರ ಅನುಸೂಚಿಯಾಗ ಬೀದಿ ವ್ಯಾಪಾರಸ್ಥರು 50 ವರ್ಷದ ಮ್ಯಾಲ ವ್ಯಾಪಾರ ಮಾಡ್ಕೊಂಡು ಬಂದ ಮಾರ್ಕೆಟ್ಟನ್ನ ಪರಂಪರೆಯ ಮಾರ್ಕೆಟ್ ಅಂತ ಘೋಷಣಾ ಮಾಡಬೇಕು, ಅಲ್ಲಿ ಕುಂತವರನ್ನ ಎಬ್ಬಿಸಬಾರದು ಅಂತ ಬರ್ದದ. ನಮ್ಮ ಎಷ್ಟೋ ಊರಿನ ಸಂತಿಗೆ 50 ಅಲ್ಲ ಅದಕ್ಕೂ ಬಾಳ ಹೆಚ್ಚು ವರ್ಷ ಆಗ್ಯಾವ. ರೋಡು ಅಗಲ ಮಾಡ್ತೀವಿ, ಊರ ಹೊರಗ ಜಾಗ ಕೊಡ್ತೀವಿ ಅಂತ ಮಾತು ಬಂದಾಗೆಲ್ಲ ಈ ಕಲಮು ನೆನಪಿಡ್ರಿ, ಊರ ಹೊರಗ ಹೋದ ಸಂತಿಗೆ ತಲಿಮ್ಯಾಲ ಬುಟ್ಟಿ ಹೊತ್ತು ಬಸ್ ಇಳಿಯೋ ಮುದುಕಿ ಹ್ಯಾಂಗ್ ಹೋಗಬೇಕು ಹೇಳ್ರಿ.

ಮಾತು, ಚೌಕಾಶಿ

"ಆಯಿ, ಪುಂಡಿ ಪಲ್ಯ ಹ್ಯಾಂಗ್ ಕೊಟ್ಟಿ?" ಅಂತ ಕೇಳ್ರಿ, "ಹತ್ತಕ್ಕ ಎರಡ್ ಸೂಡು ತಗೋ ಯಪ್ಪಾ" ಅಂತಾರ. ವಯಸ್ಸಾದ ಹೆಣ್ಮಕ್ಕಳಿಗೆ ಆಯಿ ಇಲ್ಲ ಯವ್ವಾ, ನಡು ವಯಸ್ಸಿನವರಿಗೆ ಅಕ್ಕಾ, ಗಂಡಸರಿಗೆ ಕಾಕಾ, ಅಣ್ಣಾ, ಮುಸಲ್ಮಾನರಿದ್ರ ಚಾಚಾ, ಖಾಲಾ. ಹೇ, ಏ ಅಂತ ಕರೀಬ್ಯಾಡ್ರಿ. ಚೌಕಾಶಿ ಮಾಡೋದು ತಪ್ಪಲ್ಲ, ಸಂತಿ ಅಂದಮ್ಯಾಲ ಅದು ಇರೋದೇ, ಪ್ಲಾಸ್ಟಿಕ್ ಸಾಮಾನು, ಬಟ್ಟಿ, ಚಪ್ಲಿ ಇವುಕ್ಕ ಮನಸಾರೆ ಮಾಡ್ರಿ, ಅವರು ಹೇಳಿದ್ದರಾಗ ಇಳಿಸ್ಲಿಕ್ಕ ಜಾಗ ಇಟ್ಕೊಂಡೇ ಹೇಳಿರ್ತಾರ. ಪಲ್ಯದಾಕಿ ಹಂತ್ಯಾಕ ಮಾತ್ರ ಹತ್ತು ರೂಪಾಯಿಗೆ ಎಳದಾಡಬ್ಯಾಡ್ರಿ, ಆಕೀ ಪೂರಾ ಬುಟ್ಟಿ ಮಾರಿದ್ರೂ ಎಷ್ಟಾಗ್ತದ ಅಂತ ಅಲ್ಲೇ ನಿಂತು ಲೆಕ್ಕ ಹಾಕಿ ನೋಡ್ರಿ, ನಿಮಗೇ ತಿಳೀತದ. ಸುಮ್ಮ ಕೊಸರು ಹಾಕ್ರಿ ಅಂತ ಕೇಳ್ರಿ, ನಾಕು ಕಡ್ಡಿ ಕೋತಂಬ್ರಿ, ಎರಡು ಹಸಿಮೆಣಸಿನಕಾಯಿ ಖುಷೀಲೇ ಹಾಕ್ತಾರ.

ತೂಕ. ಹಳ್ಳಿ ಮಂದಿ ತರಕಾರಿ ಗುಂಪಿ ಹಚ್ಚಿ ಮಾರ್ತಾರ, ಕಾಳು ಸೇರು, ಪಾವು ಲೆಕ್ಕದಾಗ ಅಳೀತಾರ, ಅದು ಕಣ್ಣಳತಿ, ತುಂಬಿ ಶಿಖರ ಬರೋಹಂಗ ಹಾಕಿದ್ರ ನಿಮಗ ನಷ್ಟ ಇಲ್ಲ. ಕಿಲೋ ಲೆಕ್ಕದಾಗ ಮಾರೋರ ಹಂತ್ಯಾಕ ಎಲೆಕ್ಟ್ರಾನಿಕ್ ಕಾಟಾ ಇದ್ರ ಮೊದಲು ಸೊನ್ನೆ ತೋರಿಸ್ತದೋ ಇಲ್ಲೋ ನೋಡ್ರಿ, ವರ್ಷಕ್ಕೊಮ್ಮೆ ಅದಕ್ಕ ಸರಕಾರಿ ಮುದ್ರಿ ಬೀಳಬೇಕು, ತಕಡಿ ಇದ್ರ ಕಲ್ಲಿನ ತೂಕ ಇಡಬಾರದು. ಮೋಸ ಕಂಡ್ರ 1915ಕ್ಕ ಫೋನ್ ಹಚ್ಚಬಹುದು, ಗ್ರಾಹಕರ ಸಹಾಯವಾಣಿ ಅದು, ರೊಕ್ಕ ಹತ್ತಲ್ಲ.

ಯಾವ ಕಾಲಕ್ಕ ಏನು

ಮಳಿಗಾಲ ಸುರುವಾದ್ರ ಪುಂಡಿ, ರಾಜಗಿರಿ, ಆಗಸ್ಟ್ ಸೆಪ್ಟೆಂಬರ್‌ದಾಗ ಹೊಸ ಹೆಸರು, ಉದ್ದು, ಬೀದರ್ ಕಡೆ ಇದರ ರಾಶಿ ಜೋರು. ದೀಪಾವಳಿ ಆಜೂಬಾಜೂ ಸೀತಾಫಲ. ಜೂನ್‌ದಾಗ ಕಾರಹುಣ್ಣಿಮಿ ಮುಂದ ಎತ್ತಿನ ಗೆಜ್ಜಿ, ಮಗಡಾ, ಬಣ್ಣ, ಹಗ್ಗದ ಸಾಲೇ ಒಂದು ಬ್ಯಾರೆ ಇರ್ತದ, ಮಕ್ಕಳನ್ನ ಕರ್ಕೊಂಡು ಹೋಗ್ರಿ.

ವರ್ಷದಾಗ ಒಂದೇ ಸಂತಿಗೆ ಹೋಗೋದಿದ್ರ ಎಳ್ಳ ಅಮಾಸಿ ಹಿಂದಿನ ಸಂತಿಗೆ ಹೋಗ್ರಿ, ಡಿಸೆಂಬರ್ ಇಲ್ಲ ಜನವರಿಯಾಗ ಬರ್ತದ. ಹೊಲಕ್ಕ ಹೋಗಿ ಚರಗ ಚೆಲ್ಲಿ, ಅಂದ್ರ ಭೂತಾಯಿಗೆ ಎಡಿ ಕೊಟ್ಟು, ಊಟ ಮಾಡೋ ಹಬ್ಬ, ಅದಕ್ಕ ಭಜ್ಜಿ ಆಗಲೇಬೇಕು, ಎಣ್ಣ್ಯಾಗ ಕರಿಯೋ ಭಜಿ ಅಲ್ಲ ಇದು, ಹಸಿ ತೊಗರಿ, ಅವರಿ, ಕಡ್ಲಿ, ಬಟಾಣಿ, ಶೇಂಗಾ, ಮೆಂತೆ, ಪಾಲಕ, ಉಳ್ಳಾಗಡ್ಡಿ ತಪ್ಪಲು, ಬದನಿಕಾಯಿ, ಗಜ್ಜರಿ ಎಲ್ಲಾ ಕೂಡಿಸಿ ಹುಣಸಿ ಹುಳಿ, ಕಡ್ಲಿಹಿಟ್ಟು ಹಾಕಿ ಕುದಿಸೋ ಪಲ್ಯ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ ಜೋಡಿ. ಆ ವಾರದ ಸಂತಿಯಾಗ ಹೊಲದಾಗ ಇರೋದೆಲ್ಲ ಒಂದೇ ಕಡೆ ಬಂದು ಬಿದ್ದಿರ್ತದ, ಹಸಿರು ತೊಗರಿ ಕಾಯಿ ಗುಡ್ಡ, ಬಾರಿಹಣ್ಣು, ಕಡ್ಲಿ ಗಿಡ ಬುಡಸಮೇತ ಕಿತ್ತು ಕಟ್ಟಿದ ಸೂಡು. ಕೆಲವರು ಭಜ್ಜಿ ಸಾಮಾನು ಅಂತ ಎಲ್ಲಾ ಕೂಡಿಸಿ ಮಾರ್ತಾರ, ಅದು ಬ್ಯಾಡ, ಒಂದೊಂದೇ ಆರಿಸಿ ತಗೊಳ್ರಿ. ತೊಗರಿ ಕಾಯಿ ಒತ್ತಿ ನೋಡ್ರಿ, ಕಾಳು ತುಂಬಿರಬೇಕು ಆದ್ರ ಸಿಪ್ಪಿ ಇನ್ನೂ ಹಸಿರು ಇರಬೇಕು, ತೂತು ಇದ್ರ ಒಳಗ ಹುಳ ಕುಂತದ. ಅದರ ಹಿಂದೇ ಸೀತನಿ ಬರ್ತದ, ಹಾಲುಗಾಳು ಜ್ವಾಳದ ತೆನಿ ಸುಟ್ಟು ಉದುರಿಸಿದ್ದು, ಬಿಸಿ ಇದ್ದಾಗೇ ತಿನ್ನಬೇಕು, ಮನಿಗೆ ಒಯ್ಯೋದಲ್ಲ.

ಬ್ಯಾಳಿ ಮತ್ತ ಜ್ವಾಳ

ಕಲಬುರಗಿಗೆ ಬಂದು ತೊಗರಿ ಬ್ಯಾಳಿ ಒಯ್ಯದೇ ಹೋದ್ರ ಏನ್ ಹೇಳೋದು. ನಮ್ಮ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿನದೇ ಮಾಲು ಅನ್ನೋ ಸರಕಾರಿ ಗುರ್ತು, ಸಿಕ್ಕದ, ಇಲ್ಲಿ ಕರಿ ಮಣ್ಣಿನ ಗುಣಕ್ಕ ರುಚಿ, ಘಮ ಬ್ಯಾರೆ. ಮಿಲ್ಲಿನ ಬ್ಯಾಳಿ ಎಲ್ಲಾ ಕಡೆ ಸಿಗ್ತದ, ಸಂತಿಯಾಗ ಹುಡುಕಬೇಕಾದ್ದು ಮನ್ಯಾಗ ಒಡೆದ ಬ್ಯಾಳಿ. ತೊಗರಿ ನೆನೆಸಿ, ಕೆಮ್ಮಣ್ಣು ಹಚ್ಚಿ, ಬಿಸಲಿಗೆ ಒಣಗಿಸಿ ಬೀಸೋ ಕಲ್ಲಿನಾಗ ಒಡೀತಾರ. ನೋಡ್ಲಿಕ್ಕ ಛಂದ ಇರಲ್ಲ, ಅಲ್ಲಲ್ಲಿ ಸಿಪ್ಪಿ ಇರ್ತದ, ನುಚ್ಚು ಇರ್ತದ, ಬಣ್ಣ ಮಾಸಲು. ಆದ್ರ ಬೇಯಿಸಿ ನೋಡ್ರಿ. ಫಳಫಳ ಹೊಳಿಯೋ, ಎಲ್ಲಾ ಒಂದೇ ಸೈಜಿನ ಅರಿಷಿಣ ಬಣ್ಣದ ಬ್ಯಾಳಿ ಕಂಡ್ರ ಅದು ಪಾಲಿಶ್ ಆಗಿದ್ದು, ನಾಕು ಕಾಳು ನೀರಾಗ ಹಾಕಿದ್ರ ನೀರು ಹಳದಿ ಬಿಟ್ಟರ ತಗೋಬ್ಯಾಡ್ರಿ.

ಜ್ವಾಳ ತಗೊಳ್ಳೋದಾದ್ರ ಹಿಂಗಾರಿ ಬಿಳಿ ಜ್ವಾಳ, ಮಾಲದಂಡಿ ಅಂತ ಕೇಳ್ರಿ, ಫೆಬ್ರವರಿ ಮಾರ್ಚ್ ರಾಶಿ ಆದಮ್ಯಾಲ ಹೊಸದು ಬರ್ತದ. ಕಾಳು ದುಂಡಗ, ಮುತ್ತಿನಂಗ ಇರಬೇಕು, ಬಾಯಾಗ ಹಾಕಿ ಕಡಿದ್ರ ಕಟ್ಟಂತ ಒಡೀಬೇಕು. ಮುಂಗಾರಿ ಹೈಬ್ರಿಡ್ ಜ್ವಾಳ ತೆನಿ ಇದ್ದಾಗ ಮಳಿಗೆ ಸಿಕ್ಕು ಕರ್ರಗ ಆಗಿರ್ತದ, ಭಾವ ಕಮ್ಮಿ, ರೊಟ್ಟಿಗೆ ಬರಲ್ಲ.

ಕಲಬುರಗಿ-ಹುಮನಾಬಾದ ರೋಡಿಗೆ ಹೊಂಟಿದ್ರ ಕಮಲಾಪುರದಾಗ ಇಳಿದು ಕೆಂಪು ಬಾಳಿಹಣ್ಣು ತಗೊಳ್ರಿ, ಅದಕ್ಕೂ ಜಿಐ ಅದ. ತುಟ್ಟಿ ಅನಸ್ತದ, ಆದ್ರ ಒಂದು ತಿಂದ್ರ ಹೊಟ್ಟಿ ತುಂಬ್ತದ, ಸಿಪ್ಪಿ ಮ್ಯಾಲ ಕರಿ ಚುಕ್ಕಿ ಬರೋ ತನಕ ತಡೀರಿ.

ನಡುವ ಹಸಿವಾದ್ರ ಮಿರ್ಚಿ ಭಜಿ, ಸುಸಲಾ, ಚಾ, ಎಲ್ಲಿ ಮಂದಿ ಜಾಸ್ತಿ ಅದ ಅಲ್ಲಿ ಕುಂದರ್ರಿ, ಬಿಸಿ ಬಿಸಿ ತೆಗೀತಿರ್ತಾರ.

ಮನಿಗೆ ಬಂದಮ್ಯಾಲ

ಪಲ್ಯ ಚೀಲದಾಗೇ ಬಿಡಬ್ಯಾಡ್ರಿ, ಸೂಡು ಬಿಚ್ಚಿ ಹಾಸಿ, ಒದ್ದಿ ಬಟ್ಟಿ ಹೊಚ್ಚಿ ಇಡ್ರಿ, ತೊಳಿಯೋದು ಅಡಗಿ ಮಾಡೋ ಮುಂದ. ಬ್ಯಾಳಿ ಎರಡು ಬಿಸಲು ಒಣಗಿಸಿ ಬೇವಿನ ಎಲಿ ಇಲ್ಲ ಒಣಮೆಣಸಿನಕಾಯಿ ಹಾಕಿ ಡಬ್ಬಿ ಮುಚ್ರಿ. ಜ್ವಾಳ ಪೂರಾ ಒಮ್ಮೆ ಬೀಸಿಸಬ್ಯಾಡ್ರಿ, ಹಿಟ್ಟು ಹಳೇದಾದ್ರ ಜಿಗಿ ಹೋಗಿ ರೊಟ್ಟಿ ಬಡಿಯೋ ಮುಂದ ಹರೀತದ, ಹದಿನೈದು ದಿನಕ್ಕ ಸಾಕಾಗೋವಷ್ಟು ಗಿರಣಿಗೆ ಒಯ್ರಿ. ಮತ್ತ ಮನ್ಯಾಗ ಒಡೆದ ಬ್ಯಾಳಿ ಮೊದಲ ಸಂತಿಯಾಗೇ ಸಿಗ್ತದಂತ ಅನ್ಕೋಬ್ಯಾಡ್ರಿ, ಬಾಳ ಮಂದಿ ಅದನ್ನ ಮಾರ್ಲಿಕ್ಕ ತರೋದೇ ಇಲ್ಲ, ಕೇಳೋರಿಲ್ಲ ಅಂತ. ಪಲ್ಯ ತಗೊಂಡ ಆಯಿಗೇ "ಮುಂದಿನ ವಾರ ಎರಡ್ ಸೇರು ಬ್ಯಾಳಿ ತರ್ತೀ ಏನ್ ಆಯಿ" ಅಂತ ಹೇಳಿಟ್ಟು ಬರ್ರಿ, ಇದ್ರ ತರ್ತಾರ, ಇಲ್ಲಂದ್ರ ಬಾಜೂ ಮನಿಯವರ ಹಂತ್ಯಾಕ ಇಸ್ಕೊಂಡು ತರ್ತಾರ. ಆದ್ರ ಹೇಳಿದಮ್ಯಾಲ ನೀವು ಹೋಗಬೇಕು, ಆಕೀ ಅಷ್ಟು ವಜ್ಜೆ ಹೊತ್ಕೊಂಡು ಬಂದಿರ್ತಾಳ. ಆ ವಾರ ಹೋಗ್ಲಿಕ್ಕ ಆಗಲ್ಲ ಅಂದ್ರ ಅದೇ ಊರಿಗೆ ಹೋಗೋರು ಯಾರರ ಕೈಯಾಗ ರೊಕ್ಕ, ಚೀಲ ಕೊಟ್ಟು, ಆಯಿ ಕುಂದ್ರೋ ಜಾಗ ಹೇಳಿ ಕಳಸ್ರಿ.