ಶಿವಮೊಗ್ಗದಿಂದ ಜಾಫ್ನಾಕ್ಕೆ ಹಡಗಲ್ಲಿ ಹೋಗೋರಿಗೆ

ತಮಿಳುನಾಡಿನ ನಾಗಪಟ್ಟಣಂನಿಂದ ಶ್ರೀಲಂಕಾಕ್ಕೆ ಹಡಗು ಬಿಟ್ಟಿದಾರಂತೆ ಹೌದಾ ಅಂತ ನಮ್ ಕಡೆ ಸುಮಾರ್ ಜನ ಕೇಳ್ತಾರೆ, ಅದ್ರಲ್ಲೂ ವೇಲಾಂಕಣ್ಣಿಗೋ ನಾಗೂರು ದರ್ಗಾಕ್ಕೋ ಹೋಗಿ ಬರೋರು, ಯಾಕಂದ್ರೆ ಎರಡೂ ಆ ಊರಿನ ಮಗ್ಗುಲಲ್ಲೇ ಇರೋದು. ಹೌದು, 2023ರ ಅಕ್ಟೋಬರ್ 14ಕ್ಕೆ ಶುರುವಾಗಿದ್ದು. ಜಾಫ್ನಾ ಹತ್ರದ ಕಾಂಕೇಸಂತುರೈ ಬಂದರಿಗೆ ಹೋಗುತ್ತೆ, ಅಲ್ಲಿ ಎಲ್ರೂ ಕೆಕೆಎಸ್ ಅಂತಾರೆ, ಸುಮಾರು 110 ಕಿಲೋಮೀಟರ್, ನಾಲ್ಕು ಗಂಟೆ ಆಸುಪಾಸು. ಸೇತುವೆ ಆಗೋಕೆ ಮುಂಚೆ ಇದ್ದ ಸಿಗಂದೂರು ಲಾಂಚ್ ತರ ಬೈಕು ಕಾರು ಹತ್ತಿಸ್ಕೊಂಡ್ ಹೋಗ್ಬಹುದು ಅನ್ಕೋಬೇಡಿ ಮತ್ತೆ, ಜನ ಮತ್ತು ಬ್ಯಾಗು ಅಷ್ಟೇ, 150 ಜನ ಕೂರೋ ಹಡಗು.

ಎಲ್ಲಕ್ಕಿಂತ ಮೊದ್ಲು ನೋಡ್ಬೇಕಾದ್ದು ತಿಂಗಳು. ನಮಗೆ ಮಳೆ ಅಂದ್ರೆ ಜೂನ್ ಜುಲೈ, ದಸರಾ ಮುಗೀತು ಆಕಾಶ ತಿಳಿಯಾಯ್ತು ಇನ್ನ ಎಲ್ಲಾದ್ರೂ ಹೋಗಿ ಬರೋಣ ಅನ್ನೋ ಲೆಕ್ಕ, ಆದ್ರೆ ಆ ಕರಾವಳಿಗೆ ಮಳೆ ಸುರಿಯೋದೇ ಹಿಂಗಾರಲ್ಲಿ, ಅಕ್ಟೋಬರಿಂದ ಡಿಸೆಂಬರ್ ತನಕ, ಸೈಕ್ಲೋನ್ ಬರೋದೂ ಅವಾಗ್ಲೇ. 2023ರಲ್ಲಿ ಶುರುವಾದ ಒಂದೇ ವಾರಕ್ಕೆ ಹಡಗು ನಿಲ್ತು, ಇದೇ ಕಾರಣಕ್ಕೆ. 2024ರ ಆಗಸ್ಟ್‌ನಲ್ಲಿ ಮತ್ತೆ ಬಿಟ್ರು, ನವೆಂಬರ್‌ನಲ್ಲಿ ಮತ್ತೆ ನಿಲ್ತು, ಆಮೇಲೆ 2025ರ ಫೆಬ್ರವರಿ 22ಕ್ಕೆ ಹೊರಟಿದ್ದು. ಅಡಿಕೆ ಬೆಳೆಗಾರರಿಗೆ ಇದು ಸರಿಯಾಗೇ ಹೊಂದುತ್ತೆ ಬಿಡಿ, ಕೊನೆ ಕೊಯ್ಲು, ಸುಲಿಯೋದು, ಬೇಯ್ಸೋದು ಎಲ್ಲ ಮುಗ್ದು ಕೈಗೆ ನಾಕು ಕಾಸು ಬಂದಿರೋ ಫೆಬ್ರವರಿ ಮಾರ್ಚಿಗೆ ಪ್ಲ್ಯಾನ್ ಮಾಡಿ. ಹಂಗಂತ ಆ ತಿಂಗಳಲ್ಲೂ ಗಾಳಿ ಜೋರಿದ್ರೆ ಟ್ರಿಪ್ ಕ್ಯಾನ್ಸಲ್ ಆಗ್ಬಹುದು. ಅದಕ್ಕೇ ಹೋಗೋವಾಗ ಒಂದಿನ, ಬರೋವಾಗ ಒಂದಿನ ಖಾಲಿ ಇಟ್ಕೊಂಡಿರಿ, ಮಾರನೇ ದಿನ ಮದುವೆ ಇದೆ, ಸೊಸೈಟಿ ಮೀಟಿಂಗ್ ಇದೆ ಅನ್ನೋ ತರ ಬಿಗಿಯಾಗಿ ಇಟ್ಕೊಂಡ್ ಹೋಗ್ಲೇಬೇಡಿ.

ಪಾಸ್‌ಪೋರ್ಟ್ ಬೇಕೇ ಬೇಕು, ಆಧಾರ್ ತೋರ್ಸಿದ್ರೆ ಬಿಡಲ್ಲ. ವಾಪಸ್ ಬಂದ್ಮೇಲೂ ಆರು ತಿಂಗಳು ವ್ಯಾಲಿಡಿಟಿ ಇರೋ ಹಾಗೆ ನೋಡ್ಕೊಳಿ. ಇಲ್ದೇ ಇರೋರು ಶಿವಮೊಗ್ಗದ ಪೋಸ್ಟ್ ಆಫೀಸಲ್ಲಿರೋ ಪಾಸ್‌ಪೋರ್ಟ್ ಕೇಂದ್ರಕ್ಕೇ ಅಪಾಯಿಂಟ್‌ಮೆಂಟ್ ತಗೋಬಹುದು, ಪೊಲೀಸ್ ವೆರಿಫಿಕೇಶನ್‌ಗೆ ಟೈಮ್ ಹಿಡಿಯುತ್ತೆ, ಅದಾಗೋ ತನಕ ಹಡಗಿನ ಟಿಕೆಟ್ ಮುಟ್ಬೇಡಿ. ಆಮೇಲೆ ಶ್ರೀಲಂಕಾದ ಇಟಿಎ, ಅಂದ್ರೆ ಆನ್‌ಲೈನ್ ಪರ್ಮಿಟ್, ಅವರ ಸರ್ಕಾರದ ಸೈಟಲ್ಲೇ ಮಾಡಿ. ಗೂಗಲ್ ಮಾಡಿದ್ರೆ ಅದೇ ತರ ಕಾಣೋ ಏಜೆಂಟ್ ಸೈಟುಗಳು ಮೇಲೆ ಬರ್ತವೆ, ದುಡ್ಡು ಜಾಸ್ತಿ ಕಿತ್ಕೊಳ್ತವೆ, ಅಡ್ರೆಸ್ ಕೊನೇಲಿ ಗವ್ ಡಾಟ್ ಎಲ್‌ಕೆ ಇದ್ಯಾ ನೋಡಿ. ಫೀಸ್ ಆಗಾಗ ಬದಲಾಗುತ್ತೆ, ಹೊರಡೋ ತಿಂಗಳಲ್ಲಿ ಒಂದ್ಸಲ ಚೆಕ್ ಮಾಡಿ. ಹಡಗಿನ ಟಿಕೆಟ್ಟೂ ಹಂಗೇ, 2023ರಲ್ಲಿ ಟ್ಯಾಕ್ಸ್ ಸೇರಿ 7,670 ರೂಪಾಯಿ ಇತ್ತು, ಆಮೇಲೆ ಕಂಪನಿ ಬದಲಾಯ್ತು, ರೇಟೂ ಬದಲಾಯ್ತು.

ಊರಿಂದ ಹೋಗೋದು ಹೆಂಗೆ ಅಂದ್ರೆ, ತಾಳಗುಪ್ಪ–ಮೈಸೂರು ರಾತ್ರಿ ರೈಲಲ್ಲಿ ಬೆಳಗಿನ ಜಾವ ಬೆಂಗಳೂರು, ಅಲ್ಲಿಂದ ಕಾರೈಕಾಲ್ ರೈಲು ಹಗಲೆಲ್ಲ ಓಡಿ ರಾತ್ರಿ ನಾಗಪಟ್ಟಣಂಗೆ ಬಿಡುತ್ತೆ, ಬೆಂಗಳೂರಲ್ಲಿ ಸ್ಟೇಷನ್ ಬೇರೆ ಬೇರೆ, ಟಿಕೆಟಲ್ಲಿ ನೋಡ್ಕೊಂಡಿರಿ. ಹಡಗು ಹೊರಡೋದು ಬೆಳಿಗ್ಗೆ, ಇಮಿಗ್ರೇಶನ್ ಕಸ್ಟಮ್ಸ್ ಎಲ್ಲ ಅದಕ್ಕೂ ಮುಂಚೆ ಆಗ್ಬೇಕು, ಹಾಗಾಗಿ ಹಿಂದಿನ ದಿನಾನೇ ಹೋಗಿ ಉಳ್ಕೊಳಿ. ನಾಗಪಟ್ಟಣಂನಲ್ಲಿ ರೂಮ್ ಸಿಗ್ಲಿಲ್ಲ ಅಂದ್ರೆ ವೇಲಾಂಕಣ್ಣಿಲಿ ಬೇಕಾದಷ್ಟಿದೆ, ಸೆಪ್ಟೆಂಬರ್ 8ರ ಹಬ್ಬದ ಆಸುಪಾಸು ಬಿಟ್ಟು.

ಬ್ಯಾಗ್ ತೂಕ ಮಾಡ್ತಾರೆ, ಫ್ರೀ ಎಷ್ಟು ಕೆಜಿ ಅಂತ ಟಿಕೆಟಲ್ಲೇ ಇರುತ್ತೆ. ಉಪ್ಪಿನಕಾಯಿ ಭರಣಿ ಬಿಟ್ಟ್ ಹೋಗಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕೋರು, ಗುಟ್ಕಾ ಜೇಬಲ್ಲಿಟ್ಕೊಳ್ಳೋರು ಅದನ್ನ ಊರಲ್ಲೇ ಬಿಡಿ, ಅಲ್ಲಿ ಆ ಮಾಲಿಗೆ ನಿಷೇಧ ಇದೆ. ಮೆಣಸಿನ ಬಳ್ಳಿ, ಬೀಜ, ಗಿಡ ಇವೂ ಬೇಡ, ಹೋಗೋವಾಗ್ಲೂ ಬರೋವಾಗ್ಲೂ. ಇನ್ನ ಅಲ್ಲಿ ಅಡಿಕೆ ಚೀಪು ಅಂತ ಚೀಲದಲ್ಲಿ ತುಂಬ್ಕೊಂಡು ಬರೋ ಆಸೆ ಯಾರಿಗಾದ್ರೂ ಇದ್ರೆ, 2023ರಿಂದ ಕೆಜಿಗೆ 351 ರೂಪಾಯಿಗಿಂತ ಕಮ್ಮಿ ಬೆಲೆಯ ಅಡಿಕೆ ಆಮದು ಮಾಡೋ ಹಾಗಿಲ್ಲ. ಆ ರೂಲ್ ಬಂದಿದ್ದೇ ನಮ್ಮಂತ ಬೆಳೆಗಾರರ ರೇಟ್ ಉಳೀಲಿ ಅಂತ, ತೀರ್ಥಹಳ್ಳಿಯವರೇ ಕಸ್ಟಮ್ಸಲ್ಲಿ ಅಡಿಕೆ ಸಮೇತ ಸಿಕ್ಕಿಬಿದ್ರೆ ಮಂಡಿಲಿ ಮುಖ ತೋರ್ಸಕ್ಕಾಗಲ್ಲ.

ಆಗುಂಬೆ ಘಾಟಿ ಇಳಿಯೋವಾಗ ಕವರ್ ಹಿಡ್ಕೊಂಡ್ ಕೂರೋ ಜಾತಿ ನೀವಾಗಿದ್ರೆ ಡಾಕ್ಟ್ರ ಹತ್ರ ಕೇಳಿ ವಾಂತಿ ಮಾತ್ರೆ ತಗೊಂಡಿರಿ, ಹಡಗು ಹೊರಡೋಕೆ ಅರ್ಧ ಮುಕ್ಕಾಲು ಗಂಟೆ ಮುಂಚೇನೇ ನುಂಗ್ಬೇಕು, ಹೊಟ್ಟೆ ತೊಳಸಕ್ಕೆ ಶುರುವಾದ್ಮೇಲೆ ಉಪಯೋಗ ಇಲ್ಲ. ಎರಡು ಇಡ್ಲಿ ಸಾಕು, ಪೊಂಗಲ್ ವಡೆ ಎಲ್ಲ ವಾಪಸ್ ಬಂದ್ಮೇಲೆ ತಿನ್ನಿ. ಸೀಟು ಆರಿಸ್ಕೊಳ್ಳೋ ಹಾಗಿದ್ರೆ ಹಡಗಿನ ನಡುವೆ, ಅಲ್ಲಿ ಅಲುಗಾಟ ಕಮ್ಮಿ. ಮೊಬೈಲ್ ನೋಡ್ಬೇಡಿ, ದೂರ ನೋಡಿ.

ಕೆಕೆಎಸ್ ಇಳಿದ್ರೆ ಜಾಫ್ನಾ ಪೇಟೆ 20 ಕಿಲೋಮೀಟರ್ ಒಳಗೇ, ಬಸ್ಸು ಆಟೋ ಇದಾವೆ. ಭಾಷೆ ತಮಿಳು, ಭದ್ರಾವತಿಯವರು ಜೊತೇಲಿದ್ರೆ ಅವರನ್ನೇ ಮುಂದೆ ಬಿಡಿ. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ನಡೆಯುತ್ತೆ, ಆದ್ರೆ ಎಲ್ಲಾ ಅಂಗಡೀಲೂ ಅಲ್ಲ, ಸ್ವಲ್ಪ ಲಂಕಾ ರೂಪಾಯಿ ಕೈಲಿರ್ಲಿ. ನಲ್ಲೂರು ಕಂದಸ್ವಾಮಿ ದೇವಸ್ಥಾನಕ್ಕೆ ಗಂಡಸ್ರು ಅಂಗಿ ತೆಗ್ದೇ ಒಳಗೆ ಹೋಗ್ಬೇಕು, ನಮ್ ಕಡೆಯವರಿಗೆ ಅದೇನ್ ಹೊಸದಲ್ಲ. ಇನ್ನೂ ಎರಡು ದಿನ ಇದ್ರೆ ಕೊಲಂಬೋಗೆ ರೈಲಿದೆ.

ಬರೋ ದಿನ ಹಡಗು ಕ್ಯಾನ್ಸಲ್ ಆದ್ರೆ ಗಾಬರಿ ಬೇಡ, ಕೆಕೆಎಸ್ ಹತ್ರಾನೇ ಪಲಾಲಿ ಏರ್‌ಪೋರ್ಟ್ ಇದೆ, ಅಲ್ಲಿಂದ ಚೆನ್ನೈಗೆ ಸಣ್ಣ ವಿಮಾನ ಇದೆ, ಇಲ್ಲಾಂದ್ರೆ ಕೊಲಂಬೋಗೆ ಹೋಗಿ ಅಲ್ಲಿಂದ ನೇರ ಬೆಂಗಳೂರು. ಕೊನೇ ಗಳಿಗೇಲಿ ರೇಟ್ ಏರಿರುತ್ತೆ, ಅಷ್ಟು ದುಡ್ಡು ಕಾರ್ಡಲ್ಲಿ ಬಿಟ್ಕೊಂಡಿರಿ, ಆ ಕಾರ್ಡು ಹೊರದೇಶದಲ್ಲಿ ನಡೆಯೋ ಹಾಗೆ ಬ್ಯಾಂಕ್ ಆ್ಯಪಲ್ಲಿ ಆನ್ ಮಾಡ್ಕೊಂಡೇ ಮನೆ ಬಿಡಿ.