ಸರ್ವೋ ಗುಂಯ್‌ಗುಟ್ಟಿದರೆ ಮೊದಲು ಪುಶ್‌ರಾಡ್ ಬಿಚ್ಚಿ

ರೇಡಿಯೋ ಕಂಟ್ರೋಲ್ ವಿಮಾನಕ್ಕೆ ಬ್ಯಾಟರಿ ಸಿಕ್ಕಿಸಿದಾಗ ಸರ್ವೋಗಳು, ಅಂದರೆ ರೆಕ್ಕೆ ಬಾಲಗಳ ಆಡುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟಾರು ಡಬ್ಬಿಗಳು, ಒಮ್ಮೆ ಚುರುಕ್ ಅಂತ ಅಲ್ಲಾಡಿ, ನಡುವಿಗೆ ಬಂದು ಸುಮ್ಮನಾಗಬೇಕು. ಎಷ್ಟೋ ಸಲ ಸುಮ್ಮನಾಗುವುದಿಲ್ಲ. ಒಂದು ಸರ್ವೋ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಮೈದಾನದಲ್ಲಿ ಇದನ್ನು ಕೇಳಿ ಕೆಲವರು "ಹಾರಿದ ಮೇಲೆ ಕೇಳಿಸಲ್ಲ ಬಿಡಿ" ಅಂತ ನಗುತ್ತಾರೆ. ಇನ್ನು ಕೆಲವರು ಆ ಸರ್ವೋ ಕಿತ್ತು ಹೊಸದು ಹಾಕುತ್ತಾರೆ. ನಾನು ನೋಡಿದ ಮಟ್ಟಿಗೆ ಹೀಗೆ ಗುಂಯ್‌ಗುಡುವ ಸರ್ವೋಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಹೋಗಬೇಕಾದ ಜಾಗಕ್ಕೆ ಹೋಗಲು ಆಗದೆ ಒದ್ದಾಡುತ್ತಿರುತ್ತವೆ. ಅಡ್ಡ ನಿಂತಿರುವುದು ಯಾವುದು ಅಂತ ಹುಡುಕಬೇಕು, ಅಷ್ಟೆ.

ನನ್ನದು ಬಾಲ್ಸಾ ಮರದ ಹೈ ವಿಂಗ್ ಟ್ರೇನರ್, ಅಂದರೆ ರೆಕ್ಕೆ ಬಾಡಿಯ ಮೇಲೆ ಕೂತ ಕಲಿಯುವವರ ವಿಮಾನ. ರೆಕ್ಕೆಯ ಉದ್ದ ಸುಮಾರು 1.4 ಮೀಟರ್, 3 ಸೆಲ್ಲಿನ ಲಿಪೋ ಬ್ಯಾಟರಿ. ವಿಮಾನವನ್ನು ವಾಲಿಸುವ ರೆಕ್ಕೆಯ ಏಲರಾನಿಗೆ ಎರಡು, ಮೂಗು ಏರಿಸಿ ಇಳಿಸುವ ಬಾಲದ ಎಲಿವೇಟರಿಗೆ ಒಂದು, ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ರಡ್ಡರಿಗೆ ಒಂದು, ಹೀಗೆ ನಾಲ್ಕು ಸಣ್ಣ 9 ಗ್ರಾಂ ಸರ್ವೋಗಳು. ರಡ್ಡರಿನ ಸರ್ವೋನೇ ಮುಂದಿನ ಚಕ್ರವನ್ನೂ ತಿರುಗಿಸುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಈ ಸೈಜಿನ ಸರ್ವೋ 100–150 ರೂಪಾಯಿಗೆ ಸಿಗುತ್ತದೆ. ಅಗ್ಗ ಅಂತಲೇ ಜನ ಕಾರಣ ಹುಡುಕಲು ಹೋಗುವುದಿಲ್ಲ. ಹೊಸದನ್ನು ಹಾಕಿದರೆ ಅದೂ ಅದೇ ರಾಗ ಹಾಡುತ್ತದೆ.

ಸರ್ವೋ ಒಳಗೆ ಏನು ನಡೆಯುತ್ತದೆ ಅಂತ ತಿಳಿದಿದ್ದರೆ ಹುಡುಕುವುದು ಸುಲಭ. ಒಂದು ಪುಟ್ಟ ಮೋಟಾರು, ಗೇರುಗಳು, ಒಂದು ಸಣ್ಣ ಬೋರ್ಡು, ಮತ್ತೆ ಹಾರ್ನ್ (ಸರ್ವೋ ತಲೆಯ ಮೇಲೆ ತಿರುಗುವ ಪುಟ್ಟ ತೋಳು) ಎಲ್ಲಿದೆ ಅಂತ ತಿಳಿಸಲು ಒಂದು ಪೊಟೆನ್ಷಿಯೋಮೀಟರ್. ಇದನ್ನು ಎಲ್ಲರೂ ಪಾಟ್ ಅಂತಲೇ ಕರೆಯುವುದು. ವಿಮಾನದಲ್ಲಿ ರೇಡಿಯೋ ಸಿಗ್ನಲ್ ಹಿಡಿಯುವ ರಿಸೀವರ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪಲ್ಸ್ ಕಳಿಸುತ್ತದೆ, ಅಂದರೆ ಸೆಕೆಂಡಿಗೆ 50. ಪಲ್ಸ್ 1.5 ಮಿಲಿಸೆಕೆಂಡ್ ಇದ್ದರೆ ಹಾರ್ನ್ ನಡುವೆ ನಿಲ್ಲಬೇಕು. 1ರ ಹತ್ತಿರ ಬಂದರೆ ಒಂದು ಬದಿಗೆ, 2ರ ಹತ್ತಿರ ಹೋದರೆ ಇನ್ನೊಂದು ಬದಿಗೆ. ಪಾಟ್ ಹೇಳುವ ಜಾಗಕ್ಕೂ ಪಲ್ಸ್ ಕೇಳುವ ಜಾಗಕ್ಕೂ ವ್ಯತ್ಯಾಸ ಇದ್ದರೆ ಬೋರ್ಡು ಮೋಟಾರಿಗೆ ಕರೆಂಟು ಕೊಡುತ್ತದೆ. ವ್ಯತ್ಯಾಸ ತೀರಾ ಸಣ್ಣದಾದರೆ ಪರವಾಗಿಲ್ಲ ಅಂತ ಬಿಟ್ಟುಬಿಡುತ್ತದೆ. ಆ ವಿನಾಯಿತಿಗೆ ಡೆಡ್‌ಬ್ಯಾಂಡ್ ಅನ್ನುತ್ತಾರೆ.

ಈಗ ಹಾರ್ನ್ ಜಾಗದ ಹತ್ತಿರ ಬಂದಿದೆ, ಪೂರ್ತಿ ತಲುಪಿಲ್ಲ, ಹಾರ್ನಿನಿಂದ ಏಲರಾನಿಗೋ ಎಲಿವೇಟರಿಗೋ ಹೋಗುವ ಕಡ್ಡಿ, ಅಂದರೆ ಪುಶ್‌ರಾಡ್, ಎಲ್ಲೋ ಹಿಡಿದುಕೊಂಡಿದೆ ಅನ್ನಿ. ಅನಲಾಗ್ ಸರ್ವೋ ಪ್ರತಿ ಪಲ್ಸಿಗೂ ಮೋಟಾರಿಗೆ ಒಂದು ಸಣ್ಣ ಗುದ್ದು ಕೊಡುತ್ತದೆ. ಗೇರು ತಿರುಗಲು ಅದು ಸಾಲದು, ಮೋಟಾರು ಸುಮ್ಮನಿರಲೂ ಬಿಡದು. ಸೆಕೆಂಡಿಗೆ 50 ಸಲ ಬೀಳುವ ಈ ಗುದ್ದೇ ನಮಗೆ ಗುಂಯ್ ಅಂತ ಕೇಳಿಸುವುದು.

ಕೇಳಿಸಿದರೆ ಏನಾಯ್ತು ಅಂತ ಕೇಳಬಹುದು. ಒಂದು ಹಳೆಯ ಎಕ್ಸ್‌ಟೆನ್ಷನ್ ವೈರಿನ ಕೆಂಪು ತಂತಿಯನ್ನು ಕತ್ತರಿಸಿ, ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ತೂತಿನಲ್ಲಿ ಸಿಕ್ಕಿಸಿ ನೋಡಿ. ಆರಾಮಾಗಿ ಕೂತ ನನ್ನ 9 ಗ್ರಾಂ ಸರ್ವೋ ಎಳೆಯುವುದು 10 ಮಿಲಿಆಂಪಿಯರ್ ಆಸುಪಾಸು. ಗುಂಯ್ ಅನ್ನುವಾಗ ಅದೇ ಸರ್ವೋ 200ರ ಹತ್ತಿರ ಹೋಗುತ್ತದೆ. ಹಾರ್ನನ್ನು ಪೂರ್ತಿ ತಡೆದು ಹಿಡಿದರೆ 600 ದಾಟುತ್ತದೆ. 5 ವೋಲ್ಟಿನಲ್ಲಿ 200 ಮಿಲಿಆಂಪಿಯರ್ ಅಂದರೆ 1 ವ್ಯಾಟ್. ಬೆರಳಿನಷ್ಟು ಪ್ಲಾಸ್ಟಿಕ್ ಡಬ್ಬಿಯೊಳಗೆ 1 ವ್ಯಾಟ್ ಶಾಖ ಸುಮ್ನೆ ಕೂತರೆ ಅದು ಬೆಚ್ಚಗಾಗದೆ ಇರುತ್ತಾ?

ಸರ್ವೋಗಿಂತ ಜಾಸ್ತಿ ಯೋಚಿಸಬೇಕಾದದ್ದು ಅದಕ್ಕೆ ಕರೆಂಟು ಕೊಡುವ ಬಿಇಸಿ ಬಗ್ಗೆ. ಅಗ್ಗದ ಇಎಸ್‌ಸಿಗಳಲ್ಲಿ (ಪ್ರೊಪೆಲ್ಲರ್ ಮೋಟಾರಿನ ವೇಗ ನಿಯಂತ್ರಿಸುವ ಬೋರ್ಡುಗಳಲ್ಲಿ) ಇರುವುದು ಲೀನಿಯರ್ ಬಿಇಸಿ. ಚಾರ್ಜ್ ತುಂಬಿದ 3 ಸೆಲ್ ಬ್ಯಾಟರಿ 12.6 ವೋಲ್ಟ್ ಇರುತ್ತದೆ, ಅದರಿಂದ 5 ವೋಲ್ಟ್ ಮಾಡಲು ಉಳಿದ 7.6 ವೋಲ್ಟನ್ನು ಶಾಖ ಮಾಡಿ ಕಳೆಯುತ್ತದೆ. ಸರ್ವೋಗಳೆಲ್ಲ ಸೇರಿ 1 ಆಂಪಿಯರ್ ಎಳೆದರೆ ಬಿಇಸಿ ಮೇಲೆ 7.6 ವ್ಯಾಟ್ ಬೀಳುತ್ತದೆ. ಲೇಬಲ್ ಮೇಲೆ 2 ಆಂಪಿಯರ್ ಅಂತ ಬರೆದಿದ್ದರೂ ನಮ್ಮ ಬೇಸಿಗೆಯಲ್ಲಿ, ಗಾಳಿ ಆಡದ ಬಾಡಿಯೊಳಗೆ ಅದನ್ನು ನಂಬಿ ಕೂರಬೇಡಿ. ಬಿಇಸಿ ಕಾದು ಕೈಕೊಟ್ಟರೆ ರಿಸೀವರಿಗೇ ಕರೆಂಟಿಲ್ಲ. ಆಮೇಲೆ ಸ್ಟಿಕ್ ಎಷ್ಟು ಎಳೆದರೂ ವಿಮಾನ ಕೇಳುವುದಿಲ್ಲ.

ಪರೀಕ್ಷೆ ಶುರುಮಾಡುವ ಮುಂಚೆ ಪ್ರೊಪೆಲ್ಲರ್ ಬಿಚ್ಚಿಡಿ. ಬ್ಯಾಟರಿ ಹಾಕಿಕೊಂಡು ವಿಮಾನದೊಳಗೆ ಕೈ ಇಡುವ ಕೆಲಸ ಇದು. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಆಮೇಲೆ ಗುಂಯ್ ಅನ್ನುವ ಸರ್ವೋದ ಹಾರ್ನಿನಿಂದ ಪುಶ್‌ರಾಡನ್ನು ಬಿಚ್ಚಿ. ಸದ್ದು ನಿಂತರೆ ಸರ್ವೋ ಸರಿಯಿದೆ, ತೊಂದರೆ ಇರುವುದು ಪುಶ್‌ರಾಡಿನಿಂದ ಆಚೆಗೆ. ನಿಲ್ಲದಿದ್ದರೆ ಸರ್ವೋನಲ್ಲೋ ಸಿಗ್ನಲಿನಲ್ಲೋ ಕರೆಂಟಿನಲ್ಲೋ ಇದೆ. ಅರ್ಧ ನಿಮಿಷದ ಕೆಲಸ, ಅರ್ಧ ಹುಡುಕಾಟ ಮುಗಿಯುತ್ತದೆ. ಒಬ್ಬ ಇಂಜಿನಿಯರಿಂಗ್ ಹುಡುಗ ಕಾಲೇಜ್ ಪ್ರಾಜೆಕ್ಟಿನ ವಿಮಾನ ತಂದು, "ಸರ್, ಎರಡು ಸರ್ವೋನೂ ಸುಟ್ಟೋಗಿವೆ ಅನ್ಸುತ್ತೆ, ಹೊಸದು ಆರ್ಡರ್ ಮಾಡ್ಲಾ?" ಅಂದ. "ಸ್ವಲ್ಪ ತಾಳಪ್ಪ, ಮೊದಲು ಕ್ಲೆವಿಸ್ ಬಿಚ್ಚು" ಅಂದೆ. ಪುಶ್‌ರಾಡನ್ನು ಹಾರ್ನಿಗೆ ಸಿಕ್ಕಿಸುವ ಕೊಕ್ಕೆ ಅದು. ಬಿಚ್ಚಿದ ಕೂಡಲೇ ಎರಡೂ ಗಪ್‌ಚುಪ್. ಏಲರಾನಿನ ತುದಿ ರೆಕ್ಕೆಯ ತುದಿಗೆ ಉಜ್ಜುತ್ತಿತ್ತು. ಸ್ಯಾಂಡ್‌ಪೇಪರಿನಲ್ಲಿ ಒಂದು ಮಿಲಿಮೀಟರ್ ತೆಗೆದರೆ ಸಾಕಾಯ್ತು.

ನನ್ನ ಟ್ರೇನರಿನಲ್ಲಿ ಹೆಚ್ಚು ತಲೆ ತಿಂದದ್ದು ರಡ್ಡರ್. ಅದರ ಸದ್ದಿಗೆ ಒಂದು ವಿಚಿತ್ರ ಅಭ್ಯಾಸ ಇತ್ತು. ವಿಮಾನ ನೆಲದ ಮೇಲೆ ನಿಂತಾಗ ಗುಂಯ್ ಅನ್ನುತ್ತಿತ್ತು, ಮೂಗು ಹಿಡಿದು ಎತ್ತಿದರೆ ಸದ್ದು ಕಮ್ಮಿಯಾಗುತ್ತಿತ್ತು, ಆದರೆ ಪೂರ್ತಿ ನಿಲ್ಲುತ್ತಿರಲಿಲ್ಲ. ಒಂದೇ ಸರ್ವೋದಿಂದ ಪುಶ್‌ರಾಡ್ ಆಗಿ ಎರಡು ತಂತಿ ಹೊರಡುತ್ತವಲ್ಲ, ಹಿಂದಕ್ಕೆ ರಡ್ಡರಿಗೆ ಒಂದು, ಮುಂದಕ್ಕೆ ಚಕ್ರಕ್ಕೆ ಒಂದು. ನೆಲದ ಮೇಲೆ ಮೂಗಿನ ಭಾರ ಚಕ್ರದ ಮೇಲೆ ಕೂತು, ಟೈರು ನೆಲವನ್ನು ಹಿಡಿದುಕೊಳ್ಳುತ್ತದೆ. ಸರ್ವೋ ಕೊನೆಯ ಒಂದು ಡಿಗ್ರಿ ತಿರುಗಿಸಲು ಒದ್ದಾಡುತ್ತದೆ. ಎತ್ತಿದಾಗ ಆ ಹಿಡಿತ ಹೋಗುತ್ತದೆ. ಇದು ಸದ್ದಿನ ಅರ್ಧ ಭಾಗಕ್ಕೆ ಉತ್ತರ.

ಉಳಿದ ಅರ್ಧಕ್ಕೆ ಎರಡು ತಂತಿಯನ್ನೂ ಬೇರೆ ಬೇರೆ ಬಿಚ್ಚಿ ನೋಡಿದೆ. ರಡ್ಡರಿನದು ಮಾತ್ರ ಇದ್ದಾಗ ಸದ್ದಿಲ್ಲ. ಚಕ್ರದ್ದು ಮಾತ್ರ ಇದ್ದಾಗಲೂ, ಮೂಗು ಎತ್ತಿ ಹಿಡಿದರೆ, ಸದ್ದಿಲ್ಲ. ಎರಡೂ ಸೇರಿದರೆ ಶುರು. ಚಕ್ರದ ಕಾಲು ಹೋಗುವ ಬ್ರಾಕೆಟ್ಟಿನಲ್ಲಿ ಸ್ವಲ್ಪ ಬಿಗಿ, ರಡ್ಡರಿನ ಹಿಂಜ್‌ನಲ್ಲಿ ಇನ್ನೊಂದಿಷ್ಟು ಬಿಗಿ. ಒಂದೊಂದನ್ನು ಸರ್ವೋ ತಡೆದುಕೊಳ್ಳುತ್ತಿತ್ತು, ಎರಡೂ ಕೂಡಿದರೆ ಆಗುತ್ತಿರಲಿಲ್ಲ. ಬ್ರಾಕೆಟ್ಟಿನ ಕೆಳಗಿದ್ದ ಕಾಲರನ್ನು (ಚಕ್ರದ ಕಾಲನ್ನು ಹಿಡಿದಿಡುವ ಬಳೆ) ಒಂದು ಕಾಗದದ ದಪ್ಪದಷ್ಟು ಸಡಿಲ ಮಾಡಿ ಮತ್ತೆ ಸ್ಕ್ರೂ ಬಿಗಿದೆ. ಚಕ್ರದ ತಂತಿಯನ್ನು ಹಾರ್ನಿನ ತೀರಾ ಒಳಗಿನ ತೂತಿಗೆ ತಂದೆ. ತೂತು ಒಳಗೆ ಬಂದಷ್ಟೂ ಸರ್ವೋಗೆ ಬಲ ಜಾಸ್ತಿ, ಚಲನೆ ಕಮ್ಮಿ. ಓಡುವಾಗ ಮುಂದಿನ ಚಕ್ರ ಅಷ್ಟೊಂದು ತಿರುಗಲೂ ಬಾರದು. ಆ ತಂತಿಯ ನಡುವೆ ಸಣ್ಣ ಯು ಆಕಾರದ ಬಾಗು ಹಾಕಿದ್ದು ಇನ್ನೊಂದು ಲಾಭ. ಇಳಿಯುವಾಗ ಚಕ್ರಕ್ಕೆ ಬೀಳುವ ಏಟನ್ನು ಬಾಗು ನುಂಗುತ್ತದೆ, ಸರ್ವೋದ ಗೇರಿನ ಹಲ್ಲು ಉಳಿಯುತ್ತದೆ. ಈಗಲೂ ನೆಲದ ಮೇಲೆ ನಿಂತಿರುವಾಗ ಒಮ್ಮೊಮ್ಮೆ ಸದ್ದು ಬರುತ್ತದೆ. ಒಂದಡಿ ಮುಂದಕ್ಕೆ ತಳ್ಳಿದರೆ ಟೈರು ಬಿಡಿಸಿಕೊಂಡು ಸದ್ದು ನಿಲ್ಲುತ್ತದೆ. ಅಷ್ಟಕ್ಕೆ ಚಿಂತೆ ಬೇಡ.

ಎಲಿವೇಟರಿನ ಕಥೆಯೇ ಬೇರೆ. ಬೆಳಿಗ್ಗೆ ಮನೆಯಲ್ಲಿ ಸದ್ದಿಲ್ಲ, ಹತ್ತು ಗಂಟೆ ಬಿಸಿಲಿನಲ್ಲಿ ಗುಂಯ್. ಅದರ ಪುಶ್‌ರಾಡ್ ಪ್ಲಾಸ್ಟಿಕ್ ಕೊಳವೆಯೊಳಗೆ ಓಡಾಡುವ ಪ್ಲಾಸ್ಟಿಕ್ ಕಡ್ಡಿ. ಬಿಸಿಲಿಗೆ ಪ್ಲಾಸ್ಟಿಕ್ ಉದ್ದವಾಗುತ್ತದೆ. ಎರಡೂ ತುದಿಗೆ ಅಂಟಿಸಿದ್ದ ಕೊಳವೆಗೆ ಉದ್ದವಾಗಲು ಜಾಗ ಇರಲಿಲ್ಲ, ನಡುವೆ ಬಿಲ್ಲಿನಂತೆ ಬಾಗಿ ಕಡ್ಡಿಯನ್ನು ಹಿಡಿದುಕೊಳ್ಳುತ್ತಿತ್ತು. ಇದನ್ನು ಪತ್ತೆ ಮಾಡಲು ಪುಶ್‌ರಾಡನ್ನು ಎರಡೂ ಕಡೆ ಬಿಚ್ಚಿ, ವಿಮಾನವನ್ನು ಬಾಲದ ಮೇಲೆ ನಿಲ್ಲಿಸಿದೆ. ಕಡ್ಡಿ ತನ್ನ ತೂಕಕ್ಕೇ ಜಾರಬೇಕು. ಜಾರಲಿಲ್ಲ. ಎಲಿವೇಟರನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಅದು ತಾನಾಗಿ ಬಿತ್ತು, ಹಾಗಾಗಿ ಹಿಂಜ್ ಮೇಲೆ ಅನುಮಾನ ಬೇಡ. ಕೊಳವೆಯ ಮುಂದಿನ ತುದಿಯ ಅಂಟು ಬಿಡಿಸಿದೆ, ಬಾಡಿಯ ನಡುವೆ ಬಾಲ್ಸಾ ಚೂರಿನಿಂದ ಎರಡು ಆಸರೆ ಕೊಟ್ಟೆ, ಬಾಲದಲ್ಲಿ ಕೊಳವೆ ಹೊರಬರುವ ಸೀಳನ್ನು ದುಂಡು ಅರದಿಂದ ಸ್ವಲ್ಪ ಅಗಲ ಮಾಡಿದೆ. ಸದ್ದು ಹೋಯಿತು. ಬಿಸಿಲಿಗೆ ಕಡ್ಡಿಯ ಉದ್ದ ಬದಲಾಗುವುದಂತೂ ನಿಲ್ಲುವುದಿಲ್ಲ, ಅದಕ್ಕೆ ಮಧ್ಯಾಹ್ನ ಎಲಿವೇಟರಿನ ಟ್ರಿಮ್, ಅಂದರೆ ನಡುವಿನ ಜಾಗದ ಹೊಂದಾಣಿಕೆ, ಒಂದೆರಡು ಕ್ಲಿಕ್ ತಿದ್ದಬೇಕು. ಈಗ ಕಟ್ಟುವ ವಿಮಾನಗಳಿಗೆ ಕಾರ್ಬನ್ ಕಡ್ಡಿಯನ್ನೇ ಹಾಕುತ್ತೇನೆ.

ಸ್ಟಿಕ್ ಪೂರ್ತಿ ಒತ್ತಿದಾಗ ಮಾತ್ರ ಬರುವ ಸದ್ದು ಇನ್ನೂ ಸುಲಭ. ಎಲಿವೇಟರೋ ಏಲರಾನೋ ಹೋಗಬಹುದಾದಷ್ಟು ಹೋಗಿ ನಿಂತಿದೆ, ಸರ್ವೋ ಇನ್ನೂ ತಳ್ಳುತ್ತಿದೆ. ರೇಡಿಯೋದಲ್ಲಿ ಎಂಡ್ ಪಾಯಿಂಟ್ (ಸರ್ವೋ ಎಷ್ಟು ದೂರ ಹೋಗಬಹುದು ಅನ್ನುವ ಮಿತಿ) ಇಳಿಸಿದರೆ ಆಯ್ತು ಅನ್ನುತ್ತಾರೆ, ಸ್ವಲ್ಪ ಇಳಿಸಬೇಕಾದರೆ ಅದು ಸರಿ. ಆದರೆ 50 ಪರ್ಸೆಂಟಿಗೆ ಇಳಿಸಿ ಕೈ ತೊಳೆದುಕೊಳ್ಳುವುದು ನನಗೆ ಒಗ್ಗುವುದಿಲ್ಲ. ಸರ್ವೋದ ಅರ್ಧ ಓಟ ದಂಡ, ನಿಖರತೆಯೂ ಅರ್ಧ. ಸರ್ವೋ ಹಾರ್ನಿನಲ್ಲಿ ಒಳಗಿನ ತೂತು, ಎಲಿವೇಟರಿನ ಹಾರ್ನಿನಲ್ಲಿ ಹೊರಗಿನ ತೂತು ಹಿಡಿದರೆ ಚಲನೆ ತಾನಾಗೇ ಕಮ್ಮಿಯಾಗುತ್ತದೆ, ಬಲವೂ ಸಿಗುತ್ತದೆ.

ಪುಶ್‌ರಾಡ್ ಬಿಚ್ಚಿದ ಮೇಲೂ ಸದ್ದು ನಿಲ್ಲದಿದ್ದರೆ ಹಾರ್ನನ್ನೂ ತೆಗೆದು ನೋಡುತ್ತೇನೆ. ಹಾರ್ನಿನ ಸ್ಕ್ರೂ ಅತಿಯಾಗಿ ಬಿಗಿದು ಅದು ಡಬ್ಬಿಗೆ ಉಜ್ಜುವುದುಂಟು. ಸರ್ವೋ ಕೂರಿಸಿದ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿಯೂ ನೋಡಬೇಕು, ತೆಳು ಪ್ಲಾಸ್ಟಿಕ್ ತಿರುಚಿಕೊಂಡು ಗೇರು ಬಿಗಿಯಾಗಿರಬಹುದು. ಆಮೇಲೆ ರಿಸೀವರಿನ ಬೇರೆ ಚಾನೆಲ್ಲಿಗೆ ಸಿಕ್ಕಿಸುವುದು. ಸದ್ದು ಸರ್ವೋ ಜೊತೆಗೇ ಹೋದರೆ ಸರ್ವೋ ಕೆಟ್ಟಿದೆ.

ಕೆಟ್ಟಿರುವುದು ಹೆಚ್ಚಾಗಿ ಪಾಟ್. ವಿಮಾನ ಹಾರುವಾಗ ಹಾರ್ನ್ ಬಹುಪಾಲು ನಡುವಿನಲ್ಲೇ ಸಣ್ಣಗೆ ಆಡುತ್ತಿರುತ್ತದೆ, ಪಾಟಿನ ಪಟ್ಟಿ ಅಲ್ಲೇ ಸವೆಯುತ್ತದೆ. ಸವೆದ ಜಾಗದಲ್ಲಿ ಅದು ಕೊಡುವ ಲೆಕ್ಕ ಹಿಂದೆ ಮುಂದೆ ಆಗುತ್ತದೆ, ಸರ್ವೋ ನಡುವಿನಲ್ಲಿ ತಡಕಾಡುತ್ತದೆ. ಸ್ಟಿಕ್ಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಶಾಂತ, ನಡುವಿಗೆ ಬಂದರೆ ಮತ್ತೆ ನಡುಕ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಕೆಲವು ದಿನ ಓಡಿಸಬಹುದು. ಎಲಿವೇಟರಿಗೆ ಮಾತ್ರ ಅಂಥ ಸರ್ವೋ ಹಾಕುವುದಿಲ್ಲ. 150 ರೂಪಾಯಿ ಉಳಿಸಲು ಹೋಗಿ ವಿಮಾನವನ್ನೇ ನೆಲಕ್ಕೆ ಹಾಕುವುದು ಯಾವ ಲೆಕ್ಕ?

ಎಲ್ಲ ಸರ್ವೋಗಳೂ ಒಟ್ಟಿಗೆ ನಡುಗಿದರೆ ಒಂದೊಂದನ್ನೇ ಬಿಚ್ಚುವ ಶ್ರಮ ಬೇಡ, ಕರೆಂಟಿನ ಕಡೆ ನೋಡಿ. ಇಎಸ್‌ಸಿಯ ಪ್ಲಗ್ಗಿನಿಂದ ಕೆಂಪು ತಂತಿಯ ಪಿನ್ ಹೊರತೆಗೆದು ಟೇಪು ಸುತ್ತಿ, ರಿಸೀವರಿಗೆ 4 ಸೆಲ್ಲಿನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಕೊಡಿ. 4.8 ವೋಲ್ಟ್ ಸಿಗುತ್ತದೆ. ನಡುಕ ನಿಂತರೆ ಬಿಇಸಿ ಸೋಲುತ್ತಿದೆ. ಥ್ರಾಟಲ್ ಏರಿಸಿದಾಗ ಮಾತ್ರ ನಡುಗಿದರೆ ರಿಸೀವರನ್ನು ಇಎಸ್‌ಸಿಯಿಂದ ದೂರ ಸರಿಸಿ, ಉದ್ದದ ಸರ್ವೋ ವೈರುಗಳನ್ನು ಹೆಣೆದು, ಒಂದು ಫೆರೈಟ್ ರಿಂಗಿನೊಳಗೆ ಸುತ್ತಿಸಿ ನೋಡಿ. ವಿಮಾನವನ್ನು ತಾನಾಗೇ ಸಮವಾಗಿಡುವ ಸ್ಟೆಬಿಲೈಸರ್ ಗೈರೋ ಹಾಕಿದವರು ಅದರ ಫ್ರೇಮ್ ರೇಟನ್ನೂ, ಅಂದರೆ ಸೆಕೆಂಡಿಗೆ ಎಷ್ಟು ಪಲ್ಸ್ ಕಳಿಸುತ್ತದೆ ಅನ್ನುವುದನ್ನೂ, ನೋಡಿಕೊಳ್ಳಬೇಕು. 333 ಹರ್ಟ್ಜ್ ಡಿಜಿಟಲ್ ಸರ್ವೋಗೆ ಇರುವುದು. ಅನಲಾಗ್ ಸರ್ವೋಗೆ ಅದನ್ನು ಕೊಟ್ಟರೆ ಗುಂಯ್ ಅನ್ನುವುದಷ್ಟೇ ಅಲ್ಲ, ಬೇಗನೆ ಕಾದು ಸುಡುತ್ತದೆ.

ಟ್ರೇನರಿನ ಎಲಿವೇಟರಿಗೆ ಈಚೆಗೆ ಲೋಹದ ಗೇರಿನ ಡಿಜಿಟಲ್ ಸರ್ವೋ ಹಾಕಿದ್ದೇನೆ. ಅದು ಪುಶ್‌ರಾಡ್ ಬಿಚ್ಚಿದರೂ ಸಣ್ಣಗೆ ಗುಂಯ್ ಅನ್ನುತ್ತದೆ. ಡಿಜಿಟಲ್ ಸರ್ವೋ ಸೆಕೆಂಡಿಗೆ ನೂರಾರು ಸಲ ಮೋಟಾರನ್ನು ತಿದ್ದುತ್ತದೆ, ಡೆಡ್‌ಬ್ಯಾಂಡೂ ಕಿರಿದು, ಹಾಗಾಗಿ ಈ ಸದ್ದು ಅದರ ಸ್ವಭಾವ. ಹತ್ತು ನಿಮಿಷ ಹಾಗೇ ಬಿಟ್ಟು ಡಬ್ಬಿ ಮುಟ್ಟಿ ನೋಡಿದೆ, ತಣ್ಣಗಿತ್ತು. ಮೀಟರಿನಲ್ಲೂ ಕರೆಂಟು ಏರಿರಲಿಲ್ಲ. ಪುಶ್‌ರಾಡ್ ಮತ್ತೆ ಸಿಕ್ಕಿಸಿದಾಗಲೂ ಅಂಕಿ ಅಷ್ಟೇ ಇತ್ತು. ಆ ಸದ್ದನ್ನು ಹಾಗೇ ಬಿಟ್ಟಿದ್ದೇನೆ.